ನೀರಾಟಕ್ಕೆ ಹೊರಟಾಗ ಫೋನು, ತಾಳಿ, ಕೀ ಎಲ್ಲಿಡೋದು?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಏಪ್ರಿಲ್ ಬಂತೆಂದರೆ ನನಗೆ ಬರುವ ಪತ್ರಗಳ ವಿಷಯವೇ ಬೇರೆ. ಮೊನ್ನೆವರೆಗೆ ಹಪ್ಪಳ ಸಂಡಿಗೆ ಕೇಳುತ್ತಿದ್ದವರೆಲ್ಲ ಈಗ ವಾಟರ್ ಪಾರ್ಕ್ ಕೇಳುತ್ತಿದ್ದಾರೆ. ಹಾಸನ, ಚಿಕ್ಕಮಗಳೂರು ಕಡೆಯವರು ಹೆಚ್ಚಾಗಿ ಹೋಗುವುದು ಮೈಸೂರಿನ ಜಿಆರ್‌ಎಸ್‌ಗೆ, ಇಲ್ಲವೇ ಬಿಡದಿ ಹತ್ತಿರದ ವಂಡರ್‌ಲಾಗೆ. ಯಾವ ರೈಡ್ ಚೆನ್ನಾಗಿದೆ ಅಂತ ಒಬ್ಬರೂ ಕೇಳಿಲ್ಲ ನೋಡಿ! ಎಲ್ಲರಿಗೂ ಒಂದೇ ಚಿಂತೆ, ನೀರಿಗಿಳಿದಾಗ ಫೋನು, ದುಡ್ಡು, ಒಡವೆ ಯಾರ ಹತ್ತಿರ ಅಂತ. ಅದಕ್ಕೇ ಈ ಸಲ ಪೂರ್ತಿ ಇದೇ ವಿಷಯ.

ಪ್ರಶ್ನೆ: ಅಕ್ಕಾ, ಎರಡು ಮನೆಯವರು ಸೇರಿ 14 ಜನ ಟಿಟಿ ಮಾಡಿಕೊಂಡು ಬಿಡದಿಗೆ ಹೊರಟಿದ್ದೇವೆ. ನಮ್ಮೆಜಮಾನರು "ಎಲ್ಲಾ ಗಾಡಿಯಲ್ಲೇ ಬಿಡೋಣ, ಡ್ರೈವರ್ ಇರ್ತಾನಲ್ಲ" ಅಂತಾರೆ. ನಮ್ಮ ನಾದಿನಿ ಎಲ್ಲರ ಬ್ಯಾಗೂ ಒಳಗೇ ತಗೊಂಡು ಹೋಗೋಣ, ಅತ್ತೆ ನೀರಿಗೆ ಇಳಿಯಲ್ಲ, ಅವರು ಕಾಯ್ತಾರೆ ಅಂತಾಳೆ. ಯಾರ ಮಾತು ಸರಿ? ಏನೇನು ತಗೊಂಡು ಹೋಗಬೇಕು?
ಒಬ್ಬ ಗೃಹಿಣಿ, ಹಾಸನ

ಉತ್ತರ: ಇಬ್ಬರ ಮಾತೂ ಸರಿಯಿಲ್ಲ ತಾಯಿ.

ಮೊದಲು ಡ್ರೈವರ್ ವಿಷಯ. ಆತ ಬೆಳಗಿನ ಜಾವ 4 ಗಂಟೆಗೆ ಎದ್ದು ನಿಮ್ಮನ್ನು ಕರೆದುಕೊಂಡು ಬಂದಿರುತ್ತಾನೆ. ನೀವು ಒಳಗೆ ಹೋದ ಮೇಲೆ ಕಿಟಕಿ ತೆಗೆದು ಮಲಗುತ್ತಾನೆ, ಮಲಗಲೇಬೇಕು, ಸಂಜೆ ಮತ್ತೆ ಓಡಿಸಬೇಕಲ್ಲ. ಮಧ್ಯೆ ಊಟಕ್ಕೆ, ಟೀಗೆ ಇಳಿಯುತ್ತಾನೆ. 14 ಜನರ ಫೋನು, ಪರ್ಸು ಸೀಟಿನ ಮೇಲೆ ಬಿಟ್ಟು ಬಂದು, ಸಂಜೆ ಒಂದು ಕಾಣೆಯಾದರೆ ಮೊದಲ ಅನುಮಾನ ಯಾರ ಮೇಲೆ ಬರುತ್ತೆ? ಆ ಬಡಪಾಯಿ ಮೇಲೆ. ಅವನಿಗೆ ಆ ಹೊರೆ ಬೇಡ. ಬೇಸಿಗೆಯಲ್ಲಿ ನಿಂತ ಗಾಡಿಯೊಳಗೆ ಒಲೆಯ ಹಾಗೆ ಕಾಯುತ್ತದೆ, ಅದೂ ಒಂದು. ಫೋನು, ಪವರ್ ಬ್ಯಾಂಕ್ ಅಲ್ಲಿಡುವಂತಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಇನ್ಸುಲಿನ್ ತಂದಿದ್ದರೆ ಅದನ್ನಂತೂ ಗಾಡಿಯಲ್ಲಿ ಬಿಡಲೇಬಾರದು, ಬಿಸಿಗೆ ಔಷಧದ ಶಕ್ತಿ ಹೋಗುತ್ತದೆ.

ಇನ್ನು ಅತ್ತೆ. ನಾನು ಹೋದಲ್ಲೆಲ್ಲ ಈ ದೃಶ್ಯ ನೋಡಿದ್ದೇನೆ. ನೆರಳಲ್ಲಿ ಒಂದು ಸಿಮೆಂಟ್ ಬೆಂಚು, ಅದರ ಮೇಲೆ ಒಬ್ಬ ಅಜ್ಜಿ, ತೊಡೆ ಮೇಲೆ ಮೂರು ವ್ಯಾನಿಟಿ ಬ್ಯಾಗು, ಎರಡೂ ಕಡೆ ಚಪ್ಪಲಿ ರಾಶಿ, ಕೊರಳಲ್ಲಿ ಯಾರದೋ ಕ್ಯಾಮೆರಾ. ಬಾತ್‌ರೂಮಿಗೆ ಹೋಗಬೇಕೆಂದರೂ ಯಾರಾದರೂ ಬರಲಿ ಅಂತ ಕಾಯುತ್ತಾ ಕೂತಿರುತ್ತಾರೆ. ಅವರ ಟಿಕೆಟ್‌ಗೂ ದುಡ್ಡು ಕೊಟ್ಟಿರುತ್ತೀರಲ್ವಾ? ಅತ್ತೆಯನ್ನು ಲಾಕರ್ ಮಾಡಬೇಡಿ. ಮೊಣಕಾಲುದ್ದದ ನೀರಿನಲ್ಲಿ ಮೊಮ್ಮಕ್ಕಳ ಜೊತೆ ಕೂರಿಸಿ, ಅವರೂ ನಾಲ್ಕು ಸಲ ನೀರೆರಚಲಿ.

ಹಾಗಾದರೆ ಮಾಡೋದೇನು? ಲಾಕರ್ ಬಾಡಿಗೆಗೆ ತಗೊಳ್ಳಿ. ಅದರ ಬಾಡಿಗೆ 14 ಜನರ ಮೇಲೆ ಹಂಚಿದರೆ ಹೆಚ್ಚೇನೂ ಆಗಲ್ಲ. ಆದರೆ ಒಂದೇ ಲಾಕರ್ ಬೇಡ, ಮನೆಗೊಂದು ಇರಲಿ. ಕೀಗೆ ಅಂತ ಡಿಪಾಸಿಟ್ ಕಟ್ಟಿಸಿಕೊಂಡರೆ ಆ ಚೀಟಿಯನ್ನು ಲಾಕರ್ ಒಳಗೇ ಇಟ್ಟು ಬೀಗ ಹಾಕಬೇಡಿ, ಕೀ ಕಳೆದರೆ ತೋರಿಸಲು ಏನೂ ಇರಲ್ಲ. ಮುಚ್ಚುವ ಮುಂಚೆ ಒಳಗಿಟ್ಟ ಸಾಮಾನಿನ ಒಂದು ಫೋಟೊ, ಲಾಕರ್ ನಂಬರಿನ ಒಂದು ಫೋಟೊ ತೆಗೆದು, ಆಮೇಲೆ ಆ ಫೋನನ್ನೂ ಒಳಗಿಡಿ. ಕೀ ರಬ್ಬರ್ ಪಟ್ಟಿಯಲ್ಲಿ ಮಣಿಕಟ್ಟಿಗೆ ಬರುತ್ತದೆ. ಜಾರುಬಂಡೆ ಹತ್ತಿ ಕುಣಿಯುವ ಹುಡುಗರ ಕೈಗೆ ಬೇಡ, ಸುಮ್ನೆ ನೀರಲ್ಲಿ ಕೂರುವವರ ಕೈಗೆ ಹಾಕಿ, ಇನ್ನೊಬ್ಬರಿಗೆ ನಂಬರ್ ಗೊತ್ತಿರಲಿ. ಮತ್ತೆ ಪದೇ ಪದೇ ಲಾಕರ್ ತೆಗೆಯಬೇಡಿ. ಬೆಳಗ್ಗೆ ಒಮ್ಮೆ, ಊಟಕ್ಕೆ ಒಮ್ಮೆ, ಹೊರಡುವಾಗ ಒಮ್ಮೆ. ಒದ್ದೆ ಕೈಯಲ್ಲಿ ಅವಸರದಲ್ಲಿ ತೆಗೆದಾಗಲೇ ಬಾಗಿಲು ಸರಿಯಾಗಿ ಕೂರದೆ ಹಾಗೇ ಬಿಟ್ಟು ಬರುವುದು.

ಗಾಡಿ ಕೀ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಮಗೆ ಕೈಕೊಟ್ಟಿದ್ದೇ ಅದು. ಕೆಲವು ವರ್ಷದ ಹಿಂದೆ ಮೈಸೂರು ಕಡೆ ಹೋಗಿದ್ದೆವು. ನಾವು ಬಹಳ ಬುದ್ಧಿವಂತರ ಹಾಗೆ ಎಲ್ಲರ ಫೋನು, ಪರ್ಸು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಾಕಿ ಬೀಗ ಹಾಕಿದೆವು. ಕೀ ನಮ್ಮೆಜಮಾನರ ಚಡ್ಡಿ ಜೇಬಿನಲ್ಲಿ. ಜೇಬಿಗೆ ಒತ್ತಿ ಅಂಟಿಸುವ ಪಟ್ಟಿ ಇತ್ತು, ಜಿಪ್ ಇರಲಿಲ್ಲ. ಎರಡನೇ ಜಾರುಬಂಡೆಯಿಂದ ಕೆಳಗೆ ಬಿದ್ದವರು ಎದ್ದು ನಿಂತು ಜೇಬು ತಡವಿಕೊಂಡರು ನೋಡಿ, ಆ ಮುಖ ನನಗಿನ್ನೂ ನೆನಪಿದೆ. ಕೊಳದಲ್ಲೆಲ್ಲ ಕಾಲಾಡಿಸಿ ಹುಡುಕಿದೆವು, ಅಲ್ಲಿನ ಹುಡುಗರೂ ಮುಳುಗಿ ನೋಡಿದರು, ಸಿಗಲಿಲ್ಲ. ಫೋನ್ ಕಾರೊಳಗೆ. ದುಡ್ಡು ಕಾರೊಳಗೆ. ಒಣ ಬಟ್ಟೆ ಕೂಡ ಕಾರೊಳಗೆ. ಗೇಟಿನ ಸೆಕ್ಯೂರಿಟಿಯವರು ಪಾಪ, ತಮ್ಮ ಫೋನ್ ಕೊಟ್ಟರು. ಕೈಗೆ ತಗೊಂಡೆ, ಯಾರ ನಂಬರೂ ಬಾಯಿಗೆ ಬರಲಿಲ್ಲ! ನಮ್ಮಮ್ಮನ ಮನೆಯ ಲ್ಯಾಂಡ್‌ಲೈನ್ ಒಂದು ಬಿಟ್ಟು. ಅಮ್ಮ ಪಕ್ಕದ ಮನೆ ಹುಡುಗನಿಗೆ ಹೇಳಿ, ಅವನು ನಮ್ಮ ಮನೆ ಬೀರುವಿನಿಂದ ಇನ್ನೊಂದು ಕೀ ತೆಗೆದುಕೊಂಡು ಹಾಸನದಿಂದ ಬಸ್ ಹತ್ತಿ, ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ತಪ್ಪು ಪಾರ್ಕಿನವರದ್ದಲ್ಲ, ಪೂರ್ತಿ ನಮ್ಮದೇ.

ಆವತ್ತಿನಿಂದ ನಮ್ಮ ಮನೆಯಲ್ಲಿ ಕಾರಿನ ಎರಡನೇ ಕೀ ಬೇರೊಬ್ಬರ ಬ್ಯಾಗಿನಲ್ಲಿ ಬರುತ್ತದೆ. ಚಕ್ರದ ಮೇಲೆ, ಬಂಪರ್ ಸಂದಿಯಲ್ಲಿ ಕೀ ಇಡುವವರನ್ನೂ ನೋಡಿದ್ದೇನೆ, ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿಗೆ. ಬಟನ್ ಒತ್ತುವ ರಿಮೋಟ್ ಕೀ ಆದರೆ ನೀರು ಹೊಕ್ಕರೂ ಕೆಡುತ್ತದೆ, ಕಳೆಯಲೇಬೇಕೆಂದಿಲ್ಲ. ಮೂರು ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು, 500 ರೂಪಾಯಿ ನೋಟಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಲಾಕರಿನಲ್ಲಲ್ಲದೆ ಬೇರೆ ಕಡೆಯೂ ಒಂದಿಟ್ಟಿರಿ. ಗಾಡಿಯಲ್ಲಿ ಬಿಡಬಹುದಾದದ್ದು ಒಣ ಬಟ್ಟೆ, ಟವೆಲ್, ತಿಂಡಿ ಡಬ್ಬಿ, ಅಷ್ಟೇ.

ತಗೊಂಡು ಹೋಗುವುದರಲ್ಲಿ ಮುಖ್ಯ ಬಟ್ಟೆ. ನೈಲಾನ್ ಅಥವಾ ಲೈಕ್ರಾ ಇರಬೇಕು. ಸೀರೆ, ಚೂಡಿದಾರ್, ಕಾಟನ್ ಟೀ ಶರ್ಟ್, ಜೀನ್ಸ್ ಹಾಕಿಕೊಂಡರೆ ಸಾಮಾನ್ಯವಾಗಿ ನೀರಿಗೆ ಬಿಡುವುದಿಲ್ಲ. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಲೋಹದ ಜಿಪ್ಪು ಗುಂಡಿ ಜಾರುಬಂಡೆಯನ್ನು ಗೀರುತ್ತದೆ. ಗೇಟಿನ ಹತ್ತಿರ ಕೊಳ್ಳುವುದಕ್ಕಿಂತ ಊರಲ್ಲೇ ಕೊಂಡರೆ ಅಳತೆಯೂ ಸಿಗುತ್ತದೆ, ಚೌಕಾಸಿಯೂ ಮಾಡಬಹುದು. ಒಬ್ಬರಿಗೊಂದು ಟವೆಲ್, ಹವಾಯಿ ಚಪ್ಪಲಿ (ಹೊಸದು ಬೇಡ, ಹಳೇದೇ ಸಾಕು), ಒದ್ದೆ ಬಟ್ಟೆ ತುಂಬಲು ದಪ್ಪ ಪ್ಲಾಸ್ಟಿಕ್ ಕವರು, ಬಿಪಿ ಮಾತ್ರೆ, ಸನ್‌ಸ್ಕ್ರೀನ್. ಡೈಪರ್ ಹಾಕುವ ಮಗು ಇದ್ದರೆ ಈಜುವ ಡೈಪರ್ ಅಂತಲೇ ಬೇರೆ ಬರುತ್ತದೆ, ಮಾಮೂಲಿಯದು ನೀರು ಕುಡಿದು ಕುಂಬಳಕಾಯಿ ಆಗುತ್ತದೆ. ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಂಡು ಹೋಗಬೇಡಿ, ಬಂದ ಮೇಲೆ ಹಚ್ಚಿ.

ಪ್ರಶ್ನೆ: ನನ್ನ ಫೋನ್ ಐಪಿ68. ವಾಟರ್‌ಪ್ರೂಫ್ ಅಂತ ಅಂಗಡಿಯವರೇ ಹೇಳಿದ್ದಾರೆ. ಪೌಚ್ ಇಲ್ಲದೆ ಜಾರುಬಂಡೆಯಲ್ಲಿ ವಿಡಿಯೊ ತೆಗೆಯಬಹುದಾ?
ಕಾಲೇಜು ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ಬೇಡ ಕಣಪ್ಪಾ. ಐಪಿ67 ಅಂದರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಐಪಿ68 ಅದಕ್ಕಿಂತ ಹೆಚ್ಚು, ಎಷ್ಟು ಅಂತ ಕಂಪನಿಯವರೇ ಹೇಳಿರುತ್ತಾರೆ. ಆದರೆ ಆ ಪರೀಕ್ಷೆ ಮಾಡುವುದು ಹೊಸ ಫೋನನ್ನು, ನಿಂತ ಸಿಹಿನೀರಲ್ಲಿ. ನೀನು ಜಾರಿ ಬಂದು ದಪ್ಪನೆ ನೀರಿಗೆ ಬೀಳುವಾಗ ಆಗುವ ಒತ್ತಡವೇ ಬೇರೆ, ಅದರ ಮೇಲೆ ಕ್ಲೋರಿನ್ ನೀರು. ಎರಡು ವರ್ಷ ಹಳೆಯ ಫೋನಾಗಿ, ಒಂದೆರಡು ಸಲ ಕೈಜಾರಿ ಬಿದ್ದಿದ್ದರೆ ಒಳಗಿನ ಅಂಟು ಎಲ್ಲೋ ಬಿಟ್ಟಿರುತ್ತದೆ, ಹೊರಗಿನಿಂದ ಕಾಣಲ್ಲ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗಲ್ಲ.

ಪೌಚ್ ತಗೊಂಡರೆ ಮನೆಯಲ್ಲೇ ಪರೀಕ್ಷೆ ಮಾಡು. ಒಳಗೆ ಒಂದು ಟಿಶ್ಯೂ ಪೇಪರ್ ಇಟ್ಟು, ಬಾಯಿ ಮುಚ್ಚಿ, ಬಕೆಟ್ ನೀರಲ್ಲಿ ಕಲ್ಲು ಹೇರಿ ಅರ್ಧ ಗಂಟೆ ಮುಳುಗಿಸಿಡು. ಪೇಪರ್ ಒಣಗೇ ಇದ್ದರೆ ಸರಿ. ನಿಮ್ಮ ಕಡೆ ಮಳೆಗಾಲದಲ್ಲಿ ತೋಟಕ್ಕೆ ಹೋಗುವವರು ನಂದಿನಿ ಹಾಲಿನ ಕವರ್ ತೊಳೆದು ಒಣಗಿಸಿ ಅದರಲ್ಲಿ ಫೋನು ಸುತ್ತಿಕೊಳ್ಳುತ್ತಾರಲ್ಲ, ಅದು ಮಳೆಗೆ ಸಾಕು, ಮುಳುಗಲು ಸಾಲದು. ಪೌಚ್ ಇದ್ದರೂ ಜಾರುಬಂಡೆಗೆ ಬೇಡ. ಕೊರಳಿನ ದಾರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ನೀರಲ್ಲಿ ಟಚ್‌ಸ್ಕ್ರೀನ್ ಹೇಳಿದ ಮಾತು ಕೇಳುವುದೂ ಇಲ್ಲ. ಕೊಳದ ದಂಡೆಯಲ್ಲಿ ನಿಂತು ನಾಲ್ಕು ಫೋಟೊ ತೆಗೆದು ಒಳಗಿಟ್ಟು ಬಾ.

ಒದ್ದೆಯಾಗಿಯೇ ಹೋದರೆ ತಕ್ಷಣ ಆಫ್ ಮಾಡು. ಆನ್ ಆಗುತ್ತಾ ಅಂತ ನೋಡಲೇಬೇಡ. ಸಿಮ್ ಟ್ರೇ ತೆಗೆದು, ಚಾರ್ಜರ್ ಚುಚ್ಚುವ ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನ್ ಕೆಳಗೆ ಇಡು. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಬೇಡ ಅಂತ ಆಪಲ್ ಕಂಪನಿಯೇ ಹೇಳಿದೆ, ಅಕ್ಕಿಯ ಪುಡಿ ಒಳಗೆ ಹೊಕ್ಕು ಇನ್ನಷ್ಟು ಕೆಡುತ್ತದಂತೆ. ಅಕ್ಕಿ ರೊಟ್ಟಿಗಿರಲಿ.

ಪ್ರಶ್ನೆ: ಮದುವೆಯಾಗಿ ಆರು ತಿಂಗಳು. ಎಲ್ಲರೂ ವಾಟರ್ ಪಾರ್ಕಿಗೆ ಹೊರಟಿದ್ದೇವೆ. ಕ್ಲೋರಿನ್ ನೀರಿಗೆ ಮಾಂಗಲ್ಯ ಸರ ಕಪ್ಪಾಗುತ್ತಾ? ತೆಗೆದಿಡುತ್ತೇನೆ ಅಂದರೆ ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ.
ಹೆಸರು ಬೇಡ, ಕಡೂರು

ಉತ್ತರ: ತಂಗೀ, 916 ಮುದ್ರೆಯ 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇಂಥವು. ಕ್ಲೋರಿನ್ ಕೈ ಹಾಕುವುದು ಆ ಉಳಿದದ್ದಕ್ಕೆ. ಒಂದು ದಿನದ ನೀರಾಟಕ್ಕೆ 22 ಕ್ಯಾರೆಟ್ ಸರ ಹಾಳಾಗಲ್ಲ, ಸ್ವಲ್ಪ ಮಂಕಾಗಬಹುದು, ಬಂದ ತಕ್ಷಣ ಒಳ್ಳೆ ನೀರಲ್ಲಿ ತೊಳೆದರೆ ಆಯಿತು. 18 ಕ್ಯಾರೆಟ್ಟಿನ ಹರಳಿನ ಒಡವೆಗೆ ತೊಂದರೆ ಜಾಸ್ತಿ. ಬೆಳ್ಳಿ ಕಾಲುಂಗುರ ಕಪ್ಪಾಗುತ್ತದೆ. ಸರದಲ್ಲಿ ಮುತ್ತು ಹವಳ ಪೋಣಿಸಿದ್ದರೆ ಅದು ಹೊಳಪು ಕಳೆದುಕೊಳ್ಳುತ್ತದೆ.

ಆದರೆ ನಿಜವಾದ ಭಯ ಬಣ್ಣದ್ದಲ್ಲ, ಜಾರುವುದು ಮತ್ತು ಸಿಕ್ಕಿಕೊಳ್ಳುವುದು. ತಣ್ಣನೆ ನೀರಲ್ಲಿ ಬೆರಳು ಸಣ್ಣಗಾಗುತ್ತದೆ, ಮನೆಯಲ್ಲಿ ಸೋಪು ಹಚ್ಚಿದರೂ ಬರದ ಉಂಗುರ ಅಲ್ಲಿ ತಾನಾಗಿ ಬಂದುಬಿಡುತ್ತದೆ. ಅಲೆ ಬರುವ ಕೊಳದಲ್ಲಿ ನೂರಾರು ಜನ ಒಬ್ಬರ ಮೇಲೊಬ್ಬರು ಬೀಳುವಾಗ ಸರದ ಕೊಂಡಿ ಬಿಚ್ಚಿದ್ದು ಗೊತ್ತೂ ಆಗಲ್ಲ. ಕಾಲ್ಗೆಜ್ಜೆ, ಗಾಜಿನ ಬಳೆ ಹಾಕಿಕೊಂಡು ನೀರಿಗೆ ಇಳಿಯಲೇಬೇಡ, ಒಡೆದ ಬಳೆ ಚೂರು ನೀರಲ್ಲಿ ಕಾಣುವುದಿಲ್ಲ, ಯಾರದೋ ಮಗುವಿನ ಕಾಲಿಗೆ ಚುಚ್ಚುತ್ತದೆ.

ಅತ್ತೆಯವರಿಗೆ ಹೀಗೆ ಕೇಳು. ಸರ ಮತ್ತೆ ಪೋಣಿಸಲು ಅಕ್ಕಸಾಲಿಗರಿಗೆ ಕೊಟ್ಟಾಗ ಹಿಂದಿನವರು ಏನು ಮಾಡುತ್ತಿದ್ದರು? ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತಿದ್ದರು. ನಮ್ಮಜ್ಜಿ ಹಾಗೇ ಮಾಡಿದ್ದನ್ನು ನಾನೇ ನೋಡಿದ್ದೇನೆ. "ಹಾಗೇ ಮಾಡಲಾ ಅತ್ತೆ, ನೀವೇ ಕಟ್ಟಿಕೊಡಿ" ಅಂತ ಅವರ ಕೈಗೇ ಕೊಡು. ಬೇಡ ಅನ್ನಲಾರರು. ಅದನ್ನೂ ಗಿಡ್ಡವಾಗಿ ಕಟ್ಟಿಕೊಂಡು ಬಟ್ಟೆ ಒಳಗೆ ಸೇರಿಸಿಕೋ, ಉದ್ದ ಬಿಟ್ಟರೆ ಜಾರುವಾಗ ಸಿಕ್ಕಿಕೊಳ್ಳುತ್ತದೆ. ಇನ್ನು ಬಿಚ್ಚಿಟ್ಟ ಸರವನ್ನು ಪಾರ್ಕಿಗೆ ತರಬೇಡ, ಲಾಕರಿಗೂ ಬೇಡ. ಮನೆಯಲ್ಲಿ ಯಾರೂ ಇರಲ್ಲ ಅಂದರೆ ತವರಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಅಲ್ಲಿಂದಲೇ ವಾಟ್ಸಾಪ್ ಸ್ಟೇಟಸ್ ಹಾಕಿ ಇಡೀ ಕಡೂರಿಗೆ ಮನೆ ಖಾಲಿ ಇದೆ ಅಂತ ಸಾರಬೇಡ, ವಾಪಸ್ ಬಂದು ಹಾಕು.

ಪ್ರಶ್ನೆ: ಹೋದ ತಿಂಗಳು ಒಂದು ವಾಟರ್ ಪಾರ್ಕಿನಲ್ಲಿ ಲಾಕರಿನಿಂದ ನನ್ನ ಫೋನು, 3,000 ರೂಪಾಯಿ ಹೋಯಿತು. ಬೀಗ ಹಾಕಿದ ಹಾಗೇ ಇತ್ತು. ಕೇಳಿದರೆ "ವಸ್ತುಗಳಿಗೆ ನಾವು ಜವಾಬ್ದಾರರಲ್ಲ" ಅನ್ನೋ ಬೋರ್ಡ್ ತೋರಿಸಿದರು. ಇಷ್ಟೇನಾ?
ಓದುಗರು, ಚಿಕ್ಕಮಗಳೂರು

ಉತ್ತರ: ಇಷ್ಟೇ ಅಲ್ಲ ಸರ್. ಬೋರ್ಡ್ ಹಾಕಿದ ಮಾತ್ರಕ್ಕೆ ಜವಾಬ್ದಾರಿ ಹೋಗಿಬಿಡುವುದಿಲ್ಲ. ದೆಹಲಿಯ ಒಂದು ಹೋಟೆಲಿನಲ್ಲಿ ಪಾರ್ಕಿಂಗಿಗೆ ಕೊಟ್ಟ ಕಾರು ಕಳುವಾದಾಗ ಅವರೂ ಚೀಟಿಯಲ್ಲಿ "ಮಾಲೀಕರದೇ ಜವಾಬ್ದಾರಿ" ಅಂತ ಅಚ್ಚು ಹಾಕಿಸಿದ್ದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೋಟೆಲಿನವರ ನಿರ್ಲಕ್ಷ್ಯ ಇದ್ದರೆ ಆ ಸಾಲು ಅವರನ್ನು ಕಾಯುವುದಿಲ್ಲ ಅಂತ ಹೇಳಿತು. ನಿಮ್ಮದು ಪೂರ್ತಿ ಅದೇ ಥರದ್ದಲ್ಲ, ಅಲ್ಲಿ ಕೀಯನ್ನೇ ಅವರ ಕೈಗೆ ಕೊಟ್ಟಿದ್ದರು, ಇಲ್ಲಿ ಕೀ ನಿಮ್ಮ ಕೈಯಲ್ಲಿತ್ತು. ಹಾಗಾಗಿ ಒಳಗೆ ಏನಿತ್ತು, ಅವರ ತಪ್ಪು ಎಲ್ಲಿ ಅಂತ ನೀವು ತೋರಿಸಬೇಕಾಗುತ್ತದೆ. ಲಾಕರ್ ಬಾಡಿಗೆಯ ರಸೀದಿ, ಟಿಕೆಟ್, ಫೋನಿನ ಬಿಲ್ ಎಲ್ಲ ಜೋಡಿಸಿಡಿ. ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಅಂತ ಅವರಿಗೆ ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕಿತ್ತು, ಆವತ್ತೇ. ಈಗಲಾದರೂ ಇಮೇಲ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಪಾರ್ಕ್ ಇರುವ ಊರಿಗೆ ಅಲೆಯಬೇಕಿಲ್ಲ.

ಫೋನಿನ ಕಥೆ ಬೇರೆ, ಅದರಲ್ಲಿ ತಡ ಮಾಡಬಾರದು. ಮೊದಲು ಸಿಮ್ ನಿಲ್ಲಿಸಿ, ಒಟಿಪಿ ಎಲ್ಲ ಬರುವುದು ಅದಕ್ಕೇ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಯುಪಿಐ ಲೈಟಿನಲ್ಲಿ (ಸಣ್ಣ ಪಾವತಿಗೆ ಅಂತ ಫೋನಿನಲ್ಲೇ ಎತ್ತಿಡುವ ದುಡ್ಡು) ದುಡ್ಡಿಟ್ಟಿದ್ದರೆ ಅದಕ್ಕೆ ಪಿನ್ ಬೇಕಿಲ್ಲ, ಅದು ನೆನಪಿರಲಿ. ಖಾತೆಯಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪೊಲೀಸ್ ದೂರಿನ ಪ್ರತಿ, ಐಎಂಇಐ ನಂಬರ್ (ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್) ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಹಾಕಿದರೆ ಆ ಫೋನು ಯಾವ ಸಿಮ್ ಹಾಕಿದರೂ ಕೆಲಸ ಮಾಡದ ಹಾಗೆ ತಡೆಯುತ್ತಾರೆ. ಉಳಿದ ಓದುಗರೂ ಈಗಲೇ ಸ್ಟಾರ್ ಹ್ಯಾಶ್ 06 ಹ್ಯಾಶ್ (*#06#) ಒತ್ತಿ ಬರುವ ಐಎಂಇಐ ನಂಬರನ್ನು ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದ ಮೇಲೆ ಒತ್ತಲು ಫೋನೇ ಇರಲ್ಲ.

ಪ್ರಶ್ನೆ: ಶಾಲೆಯಿಂದ 60 ಮಕ್ಕಳನ್ನು ಕರೆದೊಯ್ಯುತ್ತಿದ್ದೇವೆ. ಮಕ್ಕಳ ದುಡ್ಡು ಯಾರ ಹತ್ತಿರ ಇರಬೇಕು?
ಶಿಕ್ಷಕಿ, ಬೇಲೂರು

ಉತ್ತರ: ದುಡ್ಡು ಹೆಸರು ಬರೆದ ಲಕೋಟೆಯಲ್ಲಿ ನಿಮ್ಮ ಹತ್ತಿರ. ಫೋನು, ವಾಚು, ಕಿವಿಯೋಲೆ ಮನೆಯಲ್ಲಿ, ಇದನ್ನು ಪೋಷಕರಿಗೆ ಮೊದಲೇ ಚೀಟಿ ಕಳಿಸಿ ಹೇಳಿ. ಆದರೆ ಮೇಡಂ, ಅಲ್ಲಿ ಬೆಲೆಬಾಳುವುದು ಆ 60 ತಲೆಗಳು. ಎಲ್ಲರಿಗೂ ಒಂದೇ ಬಣ್ಣದ ಟೋಪಿ ಇರಲಿ, ಬೆಳಗ್ಗೆ ಬಟ್ಟೆ ಬದಲಿಸಿದ ಮೇಲೆ ಗುಂಪಿನ ಫೋಟೊ ತೆಗೆಯಿರಿ, ಯಾರು ಯಾವ ಬಟ್ಟೆಯಲ್ಲಿದ್ದರು ಅಂತ ಗೊತ್ತಾಗಲು. ಮಗುವಿನ ಕೈಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರ್ ಅರ್ಧ ಗಂಟೆಗೆ ತೊಳೆದುಹೋಗುತ್ತದೆ, ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ಇಬ್ಬರು ಶಿಕ್ಷಕರು ಇಡೀ ದಿನ ನೀರಿಗಿಳಿಯಬಾರದು. ಯಾರು ಅಂತ ಬಸ್ಸಿನಲ್ಲೇ ತೀರ್ಮಾನ ಆಗಲಿ, ಅಲ್ಲಿ ಹೋದ ಮೇಲೆ ಯಾರೂ ಒಪ್ಪಲ್ಲ.

ಪ್ರಶ್ನೆ: ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗಬಹುದಾ?
ಸಕಲೇಶಪುರ

ಉತ್ತರ: ಹೊರಗಿನ ತಿಂಡಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರ ಮತ್ತು ಔಷಧಿಗೆ ಅಡ್ಡಿ ಮಾಡಲ್ಲ. ಗಾಡಿಯಲ್ಲಿಟ್ಟು ವಾಪಸ್ ಬರುವಾಗ ತಿನ್ನಿ. ಪುಳಿಯೋಗರೆ ಸಂಜೆವರೆಗೆ ಕೆಡಲ್ಲ, ಮೊಸರನ್ನ ಬೇಡ.

ಪ್ರಶ್ನೆ: ನಮ್ಮ ತಾತನಿಗೆ 74. ಕಿವಿಗೆ ಮೆಷಿನ್ ಇದೆ, ಕನ್ನಡಕ ಇಲ್ಲದೆ ಏನೂ ಕಾಣಲ್ಲ. ಆದರೂ ನೀರಿಗೆ ಇಳಿದೇ ಇಳಿಯುತ್ತೇನೆ ಅಂತ ಹಟ. ಏನು ಮಾಡೋದು?
ಮೊಮ್ಮಗಳು, ತರೀಕೆರೆ

ಉತ್ತರ: ಇಳಿಸಮ್ಮಾ! ಕಿವಿ ಮೆಷಿನ್ ಮಾತ್ರ ಹೊರಗಿರಲಿ, ಅದಕ್ಕೆ ಫೋನಿಗಿಂತ ಬೆಲೆ ಜಾಸ್ತಿ. ಅದರದೇ ಡಬ್ಬಿಯಲ್ಲಿ ಹಾಕಿ ಲಾಕರಿನಲ್ಲಿಡು, ಟಿಶ್ಯೂ ಪೇಪರಿನಲ್ಲಿ ಸುತ್ತಿದರೆ ಯಾರಾದರೂ ಕಸ ಅಂತ ಎಸೆದುಬಿಡುತ್ತಾರೆ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಸಿಗುತ್ತದೆ, ಹಳೆಯ ಜೋಡಿ ಇದ್ದರೆ ಅದನ್ನೇ ಹಾಕಿಸು. ನೀನು ಕಣ್ಣಿಗೆ ಲೆನ್ಸ್ ಹಾಕುವವಳಾದರೆ ಆವತ್ತು ಬೇಡ, ನೀರಿನ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿದರೆ ಕಣ್ಣಿಗೆ ಕೆಟ್ಟ ಸೋಂಕಾಗಬಹುದು. ಮೆಷಿನ್ ತೆಗೆದ ಮೇಲೆ ತಾತನಿಗೆ ಅಲ್ಲಿನವರ ಸೀಟಿ ಕೇಳಿಸಲ್ಲ, ನೀನು ಕೂಗಿದರೂ ಕೇಳಿಸಲ್ಲ. ಅದಕ್ಕೇ ಪಕ್ಕದಲ್ಲೇ ಇದ್ದು ಕೈ ಹಿಡಿದುಕೊಂಡಿರು.